ಉತ್ತರ: ಇಗರ್ಜಿಯಂಗಳದ ಕಲ್ಲಿನ ಶಿಲುಬೆಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಇಂಗ್ಲೆಂಡಿನ ಗಾಸ್‌ಫೋರ್ತ್ ಊರಿನ ಇಗರ್ಜಿಯ (ಚರ್ಚಿನ) ಅಂಗಳದಲ್ಲಿ ನಿಂತ ಕಲ್ಲಿನ ಶಿಲುಬೆಯ ಚಿತ್ರಕ್ಕೆ ಅಡಿಬರಹ ನಾಳೆಯೇ ಅಚ್ಚಿಗೆ ಹೋಗಬೇಕೆಂದು ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಬೇರೆಯವರು ಓಲೆಗಳಲ್ಲಿ ಕೊಟ್ಟ ಸೂಚನೆಗಳಿಗೂ ಇಲ್ಲೇ ಉತ್ತರಿಸುತ್ತೇನೆ. 'ಶಿಲುಬೆಗಂಬ' ಎಂದು ಹಾಕಿ. ಗರುಡಗಂಬ, ದೀಪಗಂಬಗಳ ಸಾಲಿನಲ್ಲಿ ಅದು ತಾನಾಗಿ ಕೂರುತ್ತದೆ.

ಬರಿಯ 'ಶಿಲುಬೆ' ಇಲ್ಲಿ ಸಾಲದು. ಸುಮಾರು 4.4 ಮೀಟರ್ ಎತ್ತರದ ಆ ಕೆಂಪು ಮರಳುಗಲ್ಲಿನಲ್ಲಿ ಶಿಲುಬೆಯ ಆಕಾರವಿರುವುದು ತುದಿಯಲ್ಲಿ ಮಾತ್ರ. ಉಳಿದುದೆಲ್ಲ ಕಂಬ, ಬುಡದಲ್ಲಿ ದುಂಡು, ಮೇಲೇರಿದಂತೆ ಚೌಕ. ನೋಡಬೇಕಾದ ಕೆತ್ತನೆಯೂ ಕಂಬದ ಮೈಮೇಲೆಯೇ ಇದೆ: ಒಂದೆಡೆ ಸ್ಕ್ಯಾಂಡಿನೇವಿಯದ ಹಳೆಯ ಪುರಾಣದ, ಕಟ್ಟಿಹಾಕಿದ ಲೋಕಿಯ ಮೇಲೆ ಹಾವಿನ ವಿಷ ತೊಟ್ಟಿಕ್ಕದಂತೆ ಅವನ ಹೆಂಡತಿ ಸಿಗಿನ್ ಬಟ್ಟಲು ಹಿಡಿದಿದ್ದಾಳೆ, ಇನ್ನೊಂದೆಡೆ ಕ್ರಿಸ್ತನು ತೋಳು ಚಾಚಿದ್ದಾನೆ. ಇಂಗ್ಲೆಂಡಿನದೇ ಆದ ಬ್ಯೂಕ್ಯಾಸಲ್‌ನ ಇಗರ್ಜಿಯಂಗಳದ ಶಿಲುಬೆಗಂತೂ ತಲೆಯೇ ಇಲ್ಲ, ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯ ಬರಹವಿರುವ ಕಂಬವಷ್ಟೇ ಉಳಿದಿದೆ. ಅದನ್ನು 'ಶಿಲುಬೆ' ಎಂದು ಅಚ್ಚುಹಾಕಿದರೆ ಓದುಗರು ಚಿತ್ರದಲ್ಲಿ ಇಲ್ಲದ್ದನ್ನು ಹುಡುಕುತ್ತಾರೆ.

'ವೀರಗಲ್ಲು' ಎಂಬ ಸೂಚನೆ ಸಲ್ಲದು. ವೀರಗಲ್ಲು ಕಾದಿ ಮಡಿದವನದು. ಐರ್ಲೆಂಡಿನ ಮೊನಾಸ್ಟರ್‌ಬಾಯ್ಸ್‌ನಲ್ಲಿರುವ ಕಂಬದ ಬುಡದ ಬರಹವು ಅದನ್ನು ಮಾಡಿಸಿದ ಮುಯಿರೆಡಾಖ್‌ಗಾಗಿ ಪ್ರಾರ್ಥಿಸಿರೆಂದು ಓದುಗರನ್ನು ಕೇಳುತ್ತದೆ. ಅಲ್ಲಿ ಕಾಳಗದ ಮಾತೇ ಇಲ್ಲ.

'ಶಿಲುಬೆ'ಯನ್ನು 'ಶಿಲೆ'ಯಿಂದ ಹುಟ್ಟಿಸಿ, 'ಕಲ್ಲಿನ ಶಿಲುಬೆ' ಎಂಬುದು ದ್ವಿರುಕ್ತಿಯೆಂದು ಮೂರು ಓಲೆಗಳಲ್ಲಿ ವಾದಿಸಿದವರಿಗೆ ಇಷ್ಟೇ ಉತ್ತರ: ಮೂಲ ಪಶ್ಚಿಮ ಏಷ್ಯಾದ ಕ್ರೈಸ್ತರ ಹಳೆಯ ಭಾಷೆಯಾದ ಸಿರಿಯಾಕಿನ 'ಸ್ಲೀಬಾ', ತಮಿಳಿನಲ್ಲಿ 'ಸಿಲುವೈ'. ಶಿಲೆಗೂ ಅದಕ್ಕೂ ನಂಟಿಲ್ಲ.

ಎರವಲೆಂಬ ಒಂದೇ ಕಾರಣಕ್ಕೆ 'ಶಿಲುಬೆ', 'ಇಗರ್ಜಿ' ಎರಡನ್ನೂ ಕಿತ್ತು 'ಅಡ್ಡಗಂಬ', 'ದೇವಮನೆ' ಎಂದಿಡಬೇಕೆಂಬ ಮಾತು ನನಗೆ ನಿಜಕ್ಕೂ ಬೇಸರ ತಂದಿತು. ಇಗರ್ಜಿ ಪೋರ್ಚುಗೀಸಿನಿಂದ ಬಂದಿರಬಹುದು, ಆದರೆ ನಮ್ಮ ಕರಾವಳಿಯ ಕ್ರೈಸ್ತರು ತಲೆಮಾರುಗಳಿಂದ ಆಡುತ್ತಿರುವ ಮಾತು ಅದು. ಅವರು ಪ್ರಾರ್ಥಿಸುವ ಮನೆಗೆ ಅವರನ್ನು ಕೇಳದೆ ಬೇರೆ ಹೆಸರಿಡುವ ಅಧಿಕಾರವನ್ನು ನಮಗಾರೂ ಕೊಟ್ಟಿಲ್ಲ. ಕನ್ನಡದ ಶುದ್ಧಿಯೆಂದರೆ ಕನ್ನಡಿಗರ ಒಂದು ಪಾಲಿನವರ ಬಾಯಿಮಾತನ್ನು ಹೊರಗಟ್ಟುವುದಾದರೆ ಅಂಥ ಶುದ್ಧಿ ಬೇಡ. 'ಅಡ್ಡಗಂಬ'ವೆಂದರೆ ದಾರಿಗೆ ಅಡ್ಡವಿಟ್ಟ ಕಂಬವೆಂದೇ ಅರ್ಥವಾಗುತ್ತದೆ.

ಅಂಗಳವನ್ನು 'ಸ್ಮಶಾನ' ಎಂದೂ ಬರೆಯಬೇಡಿ. ಅಲ್ಲಿ ಹೂಳುತ್ತಿದ್ದುದು ನಿಜವಾದರೂ, ಮಧ್ಯಯುಗದ ಇಂಗ್ಲೆಂಡಿನಲ್ಲಿ ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರದ ಮೆರವಣಿಗೆ ಬಂದು ನಿಲ್ಲುತ್ತಿದ್ದುದು ಇಂಥ ಅಂಗಳದ ಶಿಲುಬೆಯ ಬಳಿಯೇ.

ಅಡಿಬರಹ ಹೀಗಿರಲಿ: 'ಸೇಂಟ್ ಮೇರಿ ಇಗರ್ಜಿಯ ಅಂಗಳದ ಶಿಲುಬೆಗಂಬ, ಗಾಸ್‌ಫೋರ್ತ್, ಕಂಬ್ರಿಯಾ, 10ನೆಯ ಶತಮಾನ.' ಬ್ಯೂಕ್ಯಾಸಲ್‌ನ ಚಿತ್ರವನ್ನೂ ಹಾಕುವುದಾದರೆ 'ತಲೆ ಇಲ್ಲದ ಶಿಲುಬೆಗಂಬ' ಎಂದು ಬರೆಯಿರಿ.