ಸಹಾಯ ಬೇಕು: ಫ್ಲೋರಿಡಾದಲ್ಲಿ ಮಸಾಜ್ ಲೈಸೆನ್ಸ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಊರಲ್ಲಿ ಆಯುರ್ವೇದದ ಎಣ್ಣೆ ಮಸಾಜ್ ಕಲಿತವಳು. ಈಗ ಫ್ಲೋರಿಡಾದಲ್ಲಿದ್ದಾಳೆ. ಇಲ್ಲಿನ ಒಂದು ಸ್ಪಾದವರು, "ಲೈಸೆನ್ಸ್ ಏನೂ ಬೇಡ, ಸುಮ್ನೆ ಬನ್ನಿ" ಅನ್ನುತ್ತಿದ್ದಾರೆ. ನನಗೆ ತುಂಬಾ ಭಯ. ಯಾಕಂದ್ರೆ ಇಲ್ಲಿ ಮಸಾಜ್ ಮಾಡುವವರಿಗೂ ಅಂಗಡಿಗೂ ಬೇರೆ ಬೇರೆ ಲೈಸೆನ್ಸ್ ಕಡ್ಡಾಯ. ಇಲ್ಲದೆ ಮಾಡಿದರೆ ಬರೀ ದಂಡ ಅಲ್ಲ, ಕ್ರಿಮಿನಲ್ ಕೇಸು, ಜೈಲೂ ಆಗಬಹುದು. ವೀಸಾದಲ್ಲಿರುವವರಿಗೆ ಅದು ಇನ್ನೂ ಜಾಸ್ತಿ ಅಪಾಯ, ಅಲ್ವಾ?

500 ಗಂಟೆ ತರಬೇತಿ, ಆಮೇಲೆ ಪರೀಕ್ಷೆ ಇದೆ. ಊರಿನ ತರಬೇತಿಯ ಗಂಟೆಗಳನ್ನು ಇಲ್ಲಿನ ಮಸಾಜ್ ಬೋರ್ಡ್ ಲೆಕ್ಕಕ್ಕೆ ತಗೊಂಡಿದ್ದು ಯಾರಿಗಾದರೂ ಗೊತ್ತಾ? ಯಾವ ದಾಖಲೆ ಕೊಟ್ಟಿರಿ? ಈ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಿ. ಸ್ಪಾದವರಿಗೆ ಈ ವಾರವೇ ಉತ್ತರ ಹೇಳಬೇಕು.