ಸಾಂಟಾ ಫೆಯ ಮಣ್ಣಿನ ಮನೆಗಳ ಮಾರಾಟ ವಿವರಣೆ: ‘ಅಡೋಬಿ’ ಮತ್ತು ‘ರಿಸ್ಟೋರ್ಡ್’ ಪದಗಳಿಗೆ ಕನ್ನಡದಲ್ಲಿ ಏನು?

ಮಾನ್ಯರೇ,

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂಟಾ ಫೆ ನಗರದಲ್ಲಿ ಹಳೆಯ ಮಣ್ಣಿನ ಮನೆಗಳು ಸಿರಿವಂತರ ಮಾರುಕಟ್ಟೆಗೆ ಬರುವುದರ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ಮಾರಾಟ ವಿವರಣೆಗಳಲ್ಲಿ ‘ರಿಸ್ಟೋರ್ಡ್ ಹಿಸ್ಟಾರಿಕ್ ಅಡೋಬಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಡುವಿನ ಪದಕ್ಕೆ ‘ಐತಿಹಾಸಿಕ’ ಎಂದರೆ ಸಾಕು. ಉಳಿದೆರಡರ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

‘ಅಡೋಬಿ’ ಮೂಲದಲ್ಲಿ ಇಟ್ಟಿಗೆಯ ಹೆಸರು. ಅರಬ್ಬಿಯ ‘ತೂಬ್’ ಸ್ಪ್ಯಾನಿಶ್‌ಗೆ ಹೋಗಿ, ಅಲ್ಲಿಂದ ಇಂಗ್ಲಿಷ್‌ಗೆ ಬಂದಿದೆ. ಅದರ ಹಿಂದೆ ಪ್ರಾಚೀನ ಈಜಿಪ್ಟಿನ ಪದವೊಂದಿದೆ. ಈಗ ಆ ಇಟ್ಟಿಗೆಯೂ ಅಡೋಬಿ, ಅದಕ್ಕೆ ಕಲಸಿದ ಮಣ್ಣೂ ಅಡೋಬಿ, ಅದರಿಂದ ಕಟ್ಟಿದ ಮನೆಯೂ ಅಡೋಬಿ. ಮಣ್ಣು, ಮರಳು, ಹುಲ್ಲನ್ನು ನೀರಿನಲ್ಲಿ ಕಲಸಿ, ಮರದ ಅಚ್ಚಿನಲ್ಲಿ ಒತ್ತಿ, ಬಿಸಿಲಿನಲ್ಲಿ ಒಣಗಿಸಿದ ಈ ಇಟ್ಟಿಗೆ ನ್ಯೂ ಮೆಕ್ಸಿಕೋದಲ್ಲಿ ಸಾಮಾನ್ಯವಾಗಿ 14 ಅಂಗುಲ ಉದ್ದ, 10 ಅಂಗುಲ ಅಗಲ, 4 ಅಂಗುಲ ದಪ್ಪವಿದ್ದು, ಸುಮಾರು 15 ಕಿಲೋ ತೂಗುತ್ತದೆ. ನಮ್ಮಲ್ಲಿ ‘ಹಸಿ ಇಟ್ಟಿಗೆ’ ಎಂಬ ಪದವಿದೆ. ಆದರೆ ಗೂಡು ಸೇರಿ ಸುಡಲು ಕಾದಿರುವ ಇಟ್ಟಿಗೆಗೂ ಅದೇ ಹೆಸರಿರುವುದರಿಂದ, ಓದುಗರಿಗೆ ಕೆಲಸ ಇನ್ನೂ ಮುಗಿದಿಲ್ಲವೆಂಬ ಭಾವನೆ ಬರುತ್ತದೆ. ‘ಸುಡದ ಇಟ್ಟಿಗೆ’ ಎನ್ನುವುದು ಇಲ್ಲದ್ದನ್ನು ಹೇಳುತ್ತದೆಯೇ ಹೊರತು ಇರುವುದನ್ನಲ್ಲ. ‘ಬಿಸಿಲಿಟ್ಟಿಗೆ’ ಎಂದು ಕೂಡಿಸಿಕೊಳ್ಳಬಹುದೇ ಎಂದು ಯೋಚಿಸುತ್ತಿದ್ದೇನೆ.

ಮನೆಗೆ ಮಾತ್ರ ‘ಮಣ್ಣಿನ ಮನೆ’ ಎಂಬ ನೇರವಾದ ಹೆಸರನ್ನೇ ಇಡಬೇಕೆಂಬುದು ನನ್ನ ನಿಲುವು. ಕಡತಗಳ ಭಾಷೆಯಲ್ಲಿ ಮಣ್ಣಿನ ಗೋಡೆಯೆಂದರೆ ‘ಕಚ್ಚಾ ಮನೆ’ ಎಂದಾಗಿರುವುದರಿಂದ, ಭಾರಿ ಬೆಲೆಯ ಮನೆಗೆ ಆ ಹೆಸರು ಹೊಂದದೆಂದು ಕೆಲವರು ಹೇಳಬಹುದು. ಆದರೆ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮಣ್ಣಿನ ಮಟ್ಟಸ ಮಾಳಿಗೆ ಎಂಬ ಕಟ್ಟಡದ ಕ್ರಮವನ್ನು ಉತ್ತರ ಕರ್ನಾಟಕದ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ‘ವಿಗಾ’ ಎನ್ನುವ ದುಂಡು ಮರಕ್ಕೆ ತೊಲೆಯೆಂದೂ, ಗೋಡೆಯೊಳಗಿನ ‘ನಿಚೋ’ಗೆ ಮಾಡವೆಂದೂ, ಗೋಡೆಗೆ ಹೊಂದಿಸಿದ ‘ಬಾಂಕೋ’ಗೆ ಕಟ್ಟೆಯೆಂದೂ ಬರೆದಾಗ ವಾಕ್ಯ ಎಲ್ಲಿಯೂ ತೊಡರುವುದಿಲ್ಲ.

ಆದರೂ ‘ಅಡೋಬಿ’ಯನ್ನು ಪೂರ್ತಿಯಾಗಿ ಬಿಡುವಂತಿಲ್ಲ. ಸಾಂಟಾ ಫೆ ನಗರವು 1957ರಲ್ಲಿ ನಿಯಮವೊಂದನ್ನು ತಂದು, ತನ್ನ ಐತಿಹಾಸಿಕ ಭಾಗದಲ್ಲಿ ಹೊಸ ಕಟ್ಟಡಗಳೂ ಹಳೆಯ ಶೈಲಿಯಲ್ಲೇ ಇರಬೇಕೆಂದು ವಿಧಿಸಿತು. ಇದರಿಂದಾಗಿ ಮರದ ಚೌಕಟ್ಟಿನ ಅಥವಾ ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಮಣ್ಣಿನ ಬಣ್ಣದ ಗಿಲಾವು ಮಾಡಿ, ಮೂಲೆಗಳನ್ನು ದುಂಡಾಗಿಸಿದ ಮನೆಗಳೂ ಅಲ್ಲಿ ಸಾಲಾಗಿ ನಿಂತಿವೆ. ಮಾತಿನಲ್ಲಿ ಅವೂ ಅಡೋಬಿಗಳೇ. ಕೊಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹಾಗಾಗಿ ಗೋಡೆಯೇ ಮಣ್ಣಿನದಾದಾಗ ‘ಮಣ್ಣಿನ ಮನೆ’ ಎಂದೂ, ನೋಟ ಮಾತ್ರ ಹಾಗಿದ್ದಾಗ ‘ಅಡೋಬಿ ಶೈಲಿಯ ಮನೆ’ ಎಂದೂ ಬೇರೆಬೇರೆಯಾಗಿ ಬರೆಯಲು ನಿರ್ಧರಿಸಿದ್ದೇನೆ.

ಹೆಚ್ಚಿನ ತೊಡಕಿರುವುದು ‘ರಿಸ್ಟೋರ್ಡ್’ನಲ್ಲಿ. ನಿಘಂಟುಗಳ ದಾರಿ ಹಿಡಿದರೆ ‘ಜೀರ್ಣೋದ್ಧಾರ’ ಎನ್ನಬೇಕು, ಮತ್ತು ಆ ಪದದ ಮೂಲಾರ್ಥ ಇಲ್ಲಿಗೆ ಬಹಳ ಚೆನ್ನಾಗಿ ಸಲ್ಲುತ್ತದೆ. ಆದರೆ ಇಂದಿನ ರೂಢಿಯಲ್ಲಿ ಅದು ದೇವಸ್ಥಾನಗಳಿಗೆ ಅಂಟಿಕೊಂಡಿದೆ. ಎಷ್ಟೋ ಕಡೆ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದಕ್ಕೂ ಜೀರ್ಣೋದ್ಧಾರವೆಂದೇ ಹೆಸರು. ಮಣ್ಣಿನ ಗೋಡೆಯ ವಿಷಯದಲ್ಲಿ ನಡೆಯಬೇಕಾದದ್ದು ಇದಕ್ಕೆ ತೀರ ವಿರುದ್ಧ. ಅದೇ ರಾಜ್ಯದ ಟಾವೋಸ್ ಊರಿನ ಬಳಿ ರಾಂಚೋಸ್ ದ ಟಾವೋಸ್‌ನಲ್ಲಿರುವ ಸಂತ ಫ್ರಾನ್ಸಿಸರ ಮಣ್ಣಿನ ಚರ್ಚಿಗೆ 1967ರಲ್ಲಿ ಸಿಮೆಂಟಿನ ಗಟ್ಟಿ ಗಿಲಾವು ಮಾಡಿದ್ದರು. ಅಂಥ ಗಿಲಾವಿನ ಬಿರುಕಿನಿಂದ ಒಳಹೋದ ನೀರು, ನೆಲದಿಂದ ಏರಿದ ತೇವ ಹೊರಬರಲಾರದೆ ಗೋಡೆಯೊಳಗೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಭದ್ರವಾಗಿ ಕಾಣುವ ಗೋಡೆ ಒಳಗೊಳಗೇ ಮೆತ್ತಗಾಗಿ ಬುಡದಲ್ಲಿ ಕರಗುತ್ತದೆ. 1979ರಲ್ಲಿ ಆ ಸಿಮೆಂಟನ್ನು ಕಿತ್ತು ಮತ್ತೆ ಮಣ್ಣನ್ನೇ ಮೆತ್ತಿದರು. ಈಗ ಪ್ರತಿವರ್ಷ ಊರಿನವರೇ ಸೇರಿ ಹುಲ್ಲು ಕಲಸಿದ ಮಣ್ಣನ್ನು ಗೋಡೆಗೆ ಬಳಿಯುತ್ತಾರೆ. ‘ನವೀಕರಣ’ ಎಂಬ ಪದ ಈ ಕೆಲಸವನ್ನು ತಲೆಕೆಳಗು ಮಾಡುತ್ತದೆ, ಏಕೆಂದರೆ ಇಲ್ಲಿ ಮೊದಲು ತೆಗೆದುಹಾಕಬೇಕಾದದ್ದೇ ಹೊಸದು.

‘ಮೂಲಸ್ಥಿತಿಗೆ ತಂದ’ ಎಂದು ಬಿಡಿಸಿ ಹೇಳೋಣವೆಂದರೆ, ಯಾವ ಮೂಲ ಎಂಬ ಪ್ರಶ್ನೆ ಏಳುತ್ತದೆ. ಈ ಮನೆಗಳು ತಲೆಮಾರುಗಳುದ್ದಕ್ಕೂ ಒಂದೊಂದೇ ಕೋಣೆ ಸೇರುತ್ತ ಬೆಳೆದವು. 1880ರಲ್ಲಿ ರೈಲು ಬಂದ ಮೇಲೆ ಸುಟ್ಟ ಇಟ್ಟಿಗೆಯೂ ಕೊಯ್ದ ಮರವೂ ಸುಲಭವಾಗಿ ಸಿಕ್ಕಿ, ಮಣ್ಣಿನ ಗೋಡೆಯ ನೆತ್ತಿಗೆ ಇಟ್ಟಿಗೆಯ ಅಂಚು ಬಂತು. ಈಗ ಅದೂ ಇತಿಹಾಸವೇ. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ 1945ರಲ್ಲಿ ಅಬಿಕ್ಯೂ ಹಳ್ಳಿಯಲ್ಲಿ ಪಾಳುಬಿದ್ದ ಮನೆಯೊಂದನ್ನು ಕೊಂಡಾಗ, ಅದನ್ನು ಎತ್ತಿ ನಿಲ್ಲಿಸುವ ಕೆಲಸವನ್ನು ಅವರ ಗೆಳತಿ ಮರಿಯಾ ಚಾಬೋ ಮುಂದೆ ನಿಂತು ಮಾಡಿಸಿದರು. ಆ ಮನೆಯ ಚಿತ್ರಶಾಲೆಗೆ ದೊಡ್ಡ ಗಾಜಿನ ಕಿಟಕಿಯಿದೆ, ಹಳೆಯ ಮನೆಯಲ್ಲಿ ಅಂಥದ್ದು ಇದ್ದಿರಲಾರದು. ಆದರೂ ಅದಕ್ಕೆ ಸಾಮಾನ್ಯವಾಗಿ ‘ರಿಸ್ಟೋರ್ಡ್’ ಎಂಬ ಮಾತನ್ನೇ ಬಳಸುತ್ತಾರೆ.

ಸದ್ಯಕ್ಕೆ ‘ಹಳೆಯ ಕ್ರಮದಲ್ಲೇ ದುರಸ್ತಿಗೊಂಡ ಐತಿಹಾಸಿಕ ಮಣ್ಣಿನ ಮನೆ’ ಎಂದು ಬರೆದಿದ್ದೇನೆ. ಅರ್ಥ ಸರಿಯಿದೆ, ಆದರೆ ‘ದುರಸ್ತಿ’ಯಲ್ಲಿ ಸೋರುವ ಮಾಡನ್ನು ಸರಿಪಡಿಸಿದಷ್ಟೇ ತೂಕವಿದೆ, ಹಲವು ವರ್ಷಗಳ ಶ್ರಮಕ್ಕೆ ಅದು ಕಡಿಮೆಯಾಯಿತು. ‘ಜೀರ್ಣೋದ್ಧಾರ’ವನ್ನೇ ಅದರ ಮೂಲಾರ್ಥದಲ್ಲಿ ಮನೆಗೂ ಬಳಸಬಹುದೆಂದು ನಿಮಗೆ ತೋರಿದರೆ ದಯವಿಟ್ಟು ಸಕಾರಣವಾಗಿ ತಿಳಿಸಿ. ಅಲ್ಲದೆ ಕಲಬುರಗಿ, ವಿಜಯಪುರ, ಬಳ್ಳಾರಿ ಕಡೆಗಳಲ್ಲಿ ಸವೆದ ಮಣ್ಣುಗೋಡೆಯ ಬುಡಕ್ಕೆ ಹೊಸ ಮಣ್ಣು ಕೊಟ್ಟು ಗಟ್ಟಿ ಮಾಡುವ ಕೆಲಸಕ್ಕೆ ಮನೆ ಕಟ್ಟುವವರಲ್ಲಿ ಬೇರೆಯೇ ಪದವಿದ್ದರೆ, ಊರಿನ ಹೆಸರಿನೊಡನೆ ಅದನ್ನೂ ಬರೆಯಬೇಕೆಂದು ಕೋರುತ್ತೇನೆ.