ಸಹಾಯ ಬೇಕು: ಹ್ಯಾರಿ ಪಾಟರ್ ಮುಗಿಯಿತು, ಮುಂದೇನು?

ಸ್ನೇಹಿತರೇ, ಹ್ಯಾರಿ ಪಾಟರ್ ಸರಣಿಯ ಎಂಟನೆಯ ಚಿತ್ರವನ್ನೂ ಕಳೆದ ವಾರ ನೋಡಿ ಮುಗಿಸಿದೆ. 2011ರಲ್ಲಿ ತೆರೆಕಂಡ ಚಿತ್ರಕ್ಕೆ ಈಗ ಅಳುವುದೇ ಎಂದು ಅಕ್ಕ ನಗುತ್ತಾಳೆ, ನಗಲಿ. 2001ರ ಮೊದಲ ಚಿತ್ರದಲ್ಲಿ ಪುಟಾಣಿಗಳಾಗಿದ್ದ ಗೆಳೆಯರು ಹ್ಯಾರಿ, ರಾನ್, ಹರ್ಮಯನಿ ಮೂವರೂ ಕೊನೆಗೆ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ತಮ್ಮ ಮಕ್ಕಳನ್ನು ರೈಲು ಹತ್ತಿಸುವಾಗ ಗಂಟಲು ಕಟ್ಟಿತು. ಅದಕ್ಕಿಂತ ಹೆಚ್ಚು ಕಾಡಿದ್ದು ಅವರ ಮಾಂತ್ರಿಕ ಶಾಲೆಯ ಮೇಷ್ಟ್ರು ಸ್ನೇಪ್‌ನ ನೆನಪುಗಳು. ಇಷ್ಟೂ ಚಿತ್ರಗಳಲ್ಲಿ ಬೈದುಕೊಂಡೇ ನೋಡಿದ ಮನುಷ್ಯನಿಗಾಗಿ ಕಣ್ಣೀರು ಹಾಕಬೇಕಾಯಿತು! ಆ ಪಾತ್ರ ಮಾಡಿದ ಅಲನ್ ರಿಕ್‌ಮನ್ 2016ರಲ್ಲೇ ತೀರಿಕೊಂಡರೆಂದು ತಿಳಿದು ಇನ್ನಷ್ಟು ಸಂಕಟವಾಯಿತು.

ಈಗ ಬೇರೆ ಯಾವ ಚಿತ್ರವೂ ಹಿಡಿಸುತ್ತಿಲ್ಲ, ಅರ್ಧಕ್ಕೇ ನಿಲ್ಲಿಸುತ್ತಿದ್ದೇನೆ. ಪುಸ್ತಕಗಳನ್ನು ಓದೋಣವೆಂದಿದ್ದೇನೆ. ಚಿತ್ರಗಳಲ್ಲಿ ಎಲ್ಲೂ ಕಾಣದ ಪೀವ್ಸ್ ಎಂಬ ತುಂಟ ಭೂತ ಅಲ್ಲಿದೆಯಂತೆ. ಖಳನಾಯಕ ವೋಲ್ಡೆಮಾರ್ಟ್ ಕೂಡ ಅಲ್ಲಿ ಬೂದಿಯಾಗಿ ಹಾರಿಹೋಗದೆ ಎಲ್ಲರೆದುರೇ ಹೆಣವಾಗಿ ಬೀಳುತ್ತಾನಂತೆ.

ಓದಿದವರು ದಯವಿಟ್ಟು ತಿಳಿಸಿ: ಏಳು ಪುಸ್ತಕಗಳನ್ನೂ ಮೊದಲಿನಿಂದ ಓದಬೇಕೇ, ಅಥವಾ ಎಲ್ಲಕ್ಕಿಂತ ದಪ್ಪನೆಯ ಐದನೆಯದರಿಂದ ಶುರು ಮಾಡಬಹುದೇ? ಚಿತ್ರದಲ್ಲಿ ಬಿಟ್ಟದ್ದು ಅದರಲ್ಲೇ ಹೆಚ್ಚಿರಬೇಕು ಎಂಬುದು ನನ್ನ ಲೆಕ್ಕ. ನನ್ನ ಇಂಗ್ಲಿಷ್ ಓದು ನಿಧಾನ, ಆದ್ದರಿಂದ ಆಡಿಯೋ ಪುಸ್ತಕ ಕೇಳಿದವರಿದ್ದರೆ ಆ ಅನುಭವವನ್ನೂ ಬರೆಯಿರಿ. ‘ಬರೀ ಸಿನಿಮಾ ತಾನೇ, ಮರೆತುಬಿಡು’ ಎಂಬ ಸಲಹೆ ಮಾತ್ರ ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.